ಬಲಗೈ ಅತ್ತೆಗೆ, ಎಡಗೈ ಸೊಸೆಗೆ

ಆ ವಾರ್ಡಿನ ಬಾಗಿಲ ಮೇಲೆ ಒಂದು ಬೋರ್ಡು ಇತ್ತು. ಬಿಳಿ ಹಲಗೆ, ಕೆಂಪು ಅಕ್ಷರ. ಒಂಬತ್ತು ವರ್ಷದಿಂದ ಅದನ್ನು ದಿನಾ ಒರೆಸುತ್ತಿದ್ದವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ತಲೆ ಇತ್ತು. ಬಾಗಿಲ ಮೇಲೆ ಕೆಂಪಗೆ ಬರೆದಿದ್ದಾರೆ ಅಂದರೆ ಚಪ್ಪಲಿ ಹೊರಗೆ ಬಿಡಿ ಅಂತಲೇ ಇರಬೇಕು ಎಂದು ಮೊದಲ ದಿನವೇ ತೀರ್ಮಾನಿಸಿದ್ದಳು. ಅಂದಿನಿಂದ ಬರಿಗಾಲಲ್ಲೇ ಒಳಗೆ ಹೋಗುತ್ತಿದ್ದಳು. ಡಾಕ್ಟರು ಬೂಟು ಹಾಕಿಕೊಂಡೇ ನುಗ್ಗುವುದನ್ನು ನೋಡಿ ಒಮ್ಮೆ ಕೇಳಿಸುವ ಹಾಗೇ ಅಂದಿದ್ದಳು: "ಓದಿದೋರಿಗೇ ಓದೋಕೆ ಬರಲ್ಲ." ಡಾಕ್ಟರು ನಕ್ಕು ಮುಂದೆ ಹೋದರು. ಅವಳು ಹೇಳಿದ್ದು ಏನು ಎಂದು ಕೇಳುವ ಪುರಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಇಡೀ ಆಸ್ಪತ್ರೆಗೆ ಅವಳು ಅತ್ತೆ. ಮಗನ ಹೆಂಡತಿಯೂ ಅದೇ ವಾರ್ಡಿಗೆ ಕಸ ಗುಡಿಸಲು ಸೇರಿ ದಿನವಿಡೀ "ಅತ್ತೆ, ಅತ್ತೆ" ಎಂದು ಕರೆದೂ ಕರೆದೂ ಸಿಸ್ಟರುಗಳಿಗೂ ರೋಗಿಗಳಿಗೂ ಅದೇ ರೂಢಿಯಾಯಿತು. ಸೊಸೆ ಏಳನೇ ತರಗತಿಯವರೆಗೆ ಓದಿದವಳು. ಮಾತು ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಅತ್ತೆಯೇ ಆಡುತ್ತಿದ್ದುದರಿಂದ ಪಾಪ, ಅವಳಿಗೆ ಸರದಿಯೇ ಬರುತ್ತಿರಲಿಲ್ಲ. ಈಗ ಅವಳಿಗೆ ಐದು ತಿಂಗಳು.

ಅದು ಕ್ಯಾನ್ಸರ್ ವಾರ್ಡು. ಇಪ್ಪತ್ತು ಮಂಚ. ಹನಿಹನಿಯಾಗಿ ರಕ್ತಕ್ಕೆ ಇಳಿಸುವ ಔಷಧಿಗಳಲ್ಲಿ ಹೆಚ್ಚಿನವು ನೀರಿನಂತೆ ತಿಳಿ. ಒಂದು ಮಾತ್ರ ಕೆಂಪಗೆ. ಅದಕ್ಕೆ ಡಾಕ್ಟರುಗಳು ನಾಲಿಗೆ ಹೊರಳದ ಹೆಸರು ಹೇಳುತ್ತಿದ್ದರು. ಅತ್ತೆ ಅದಕ್ಕೆ ಕೆಂಪಕ್ಕ ಎಂದು ಹೆಸರಿಟ್ಟಿದ್ದಳು. ಕೆಂಪಕ್ಕ ಒಳಗೆ ಹೋದ ದಿನ ರೋಗಿಯ ಮೂತ್ರವೂ ಕೆಂಪು.

ಕೆಂಪಕ್ಕನನ್ನು ಕಂಬಿಗೆ ನೇತುಹಾಕಲು ಸಿಸ್ಟರು ಬರುವಾಗ ನೋಡಬೇಕು. ಒಂದರ ಮೇಲೊಂದು ಎರಡು ಗ್ಲೌಸು. ಕುತ್ತಿಗೆಯಿಂದ ಮೊಣಕಾಲಿನವರೆಗೆ ಗೌನು. ಮಾಸ್ಕು. ಕಣ್ಣಿಗೆ ದೊಡ್ಡ ಕನ್ನಡಕ. ಅದೇ ಕೆಂಪಕ್ಕ ರೋಗಿಯ ಮೈಯಿಂದ ಹೊರಗೆ ಬಂದಾಗ ಅತ್ತೆಗೂ ಸೊಸೆಗೂ ಸೇರಿ ಒಂದು ಜೊತೆ ಗ್ಲೌಸು. ವಾರಕ್ಕೆ. "ವಾರ್ಡಿಗೆ ಒಂದು ಜೊತೆ, ರೂಲ್ಸು" ಎನ್ನುತ್ತಿದ್ದ ಸೂಪರ್‌ವೈಸರು. ಸೊಂಟದಲ್ಲಿ ಹತ್ತಿಪ್ಪತ್ತು ಬೀಗದಕೈ ಜೋತಾಡಿಸಿಕೊಂಡು ಓಡಾಡುವ ಅವನಿಗೆ ಕೆಲಸದ ಹೆಂಗಸರು ಬೀಗದಪ್ಪ ಎನ್ನುತ್ತಿದ್ದರು. ಅತ್ತೆ ಜಗಳವಾಡಲಿಲ್ಲ. ಬಲಗೈದು ತಾನು ಇಟ್ಟುಕೊಂಡಳು, ಎಡಗೈದು ಸೊಸೆಗೆ ಕೊಟ್ಟಳು.

"ಗ್ಲೌಸಿನ ಕೈಲಿ ಪಾಟು ಎತ್ತು. ಬರಿಗೈಲಿ ಮೂಗು ಮುಚ್ಕೋ. ಎರಡು ಕೈಗೂ ಕೆಲಸ ಆಯ್ತಲ್ಲ."

ರೋಗಿಗಳ ಮಲಮೂತ್ರದ ಪಾಟು ಭಾರ. ತುಂಬಿದ್ದರೆ ಇನ್ನೂ ಭಾರ. ಒಂದು ಕೈಯಲ್ಲಿ ಎತ್ತಲು ಆಗುವುದಿಲ್ಲ. ಎರಡೂ ಕೈ ಹಾಕಬೇಕು. ಅಂಚಿನಿಂದ ತುಳುಕುತ್ತದೆ. ಬೆರಳ ಸಂದಿಗೆ, ಮುಂಗೈಗೆ, ಸೀರೆಗೆ, ಕಾಲಿಗೆ. ಇಬ್ಬರ ಉಗುರುಗಳೂ ಕಪ್ಪಾಗಿದ್ದವು. ಫಿನಾಯಿಲಿನಿಂದ ಅಂದುಕೊಂಡಿದ್ದರು.

ನಾಲ್ಕನೇ ಮಂಚದಲ್ಲಿ ಟೀಚರಮ್ಮ ಇದ್ದರು. ನಿವೃತ್ತರು, ಗಂಡ ಇಲ್ಲ, ತಲೆಯಲ್ಲಿ ಒಂದು ಕೂದಲೂ ಇಲ್ಲ. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ದನಿ ಮಾತ್ರ ಹಾಗೇ ಇತ್ತು. ಒಂದು ಮಧ್ಯಾಹ್ನ ಅವರು ನೀರು ಕೇಳಿದರು. ಅತ್ತೆ ಹೂಜಿಯಿಂದ ನೀರು ಬಗ್ಗಿಸಿದಳು, ಆದರೆ ಲೋಟ ಮುಟ್ಟಲಿಲ್ಲ. ಎತ್ತರದಿಂದ ಸುರಿದಳು.

"ಲೋಟ ಯಾಕೆ ಮುಟ್ಟಲ್ಲ?"

"ಹಂಗೇನಿಲ್ಲ ಟೀಚರಮ್ಮ..."

"ಅಂಟುತ್ತೆ ಅಂತ ಹೆದರಿಕೇನಾ?"

ಅತ್ತೆ ಸೆರಗಿನ ತುದಿ ನೋಡಿಕೊಂಡಳು. ಅವಳು ಕುಡಿದ ಲೋಟವನ್ನು ಮುಟ್ಟದ ಮನೆಗಳು ಎಷ್ಟೋ ಇದ್ದವು. ಇನ್ನೊಬ್ಬರ ಲೋಟವನ್ನು ತಾನು ಮುಟ್ಟದೆ ಇರುವುದು ಅವಳಿಗೆ ಈ ವಾರ್ಡಿನಲ್ಲಿ ಮಾತ್ರ ಸಿಕ್ಕಿದ ಭಾಗ್ಯ. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

"ಉಲ್ಟಾ ಮಾಡ್ಕೊಂಡಿದೀಯ ನೋಡು" ಎಂದರು ಟೀಚರಮ್ಮ. "ನನ್ನ ರೋಗ ಅಂಟಲ್ಲ. ನನ್ನ ಔಷಧಿ ಅಂಟುತ್ತೆ. ಲೋಟ ಮುಟ್ಟಲ್ಲ, ಪಾಟು ಮಾತ್ರ ಬರಿಗೈಲಿ ತೊಳೀತೀಯ. ಕೂತ್ಕೋ, ಪಾಠ ಇದೆ."

ಔಷಧಿಯ ಡಬ್ಬಿಯೊಳಗೆ ಬರುವ ಮಡಚಿದ ಕಾಗದವನ್ನು ಅವರು ಸಿಸ್ಟರಿಂದ ಇಸಿದುಕೊಂಡಿದ್ದರು. ಬಿಡಿಸಿದರೆ ದಿನಪತ್ರಿಕೆಯಷ್ಟು ದೊಡ್ಡದು, ಅಕ್ಷರ ಮಾತ್ರ ಸಾಸಿವೆಯಷ್ಟು. ಕನ್ನಡಕ ಏರಿಸಿ ಓದಿ, ತಮ್ಮ ಮಾತಿನಲ್ಲೇ ಹೇಳತೊಡಗಿದರು.

"ಉಪಯೋಗಗಳು. ಎದೆಯ ಕ್ಯಾನ್ಸರು, ರಕ್ತದ ಕ್ಯಾನ್ಸರು, ಇನ್ನೂ ನಾಲ್ಕಾರು. ಬೇಗ ಬೇಗ ಬೆಳೆಯೋದನ್ನ ಹುಡುಕಿ ಸಾಯಿಸುತ್ತೆ. ಅಡ್ಡ ಪರಿಣಾಮಗಳು. ಕೂದಲು ಉದುರುತ್ತೆ."

"ಅದು ಕಾಣ್ತಾ ಇದೆ ಬಿಡಿ."

"ಕ್ಲಾಸಲ್ಲಿ ಮಾತಾಡಬೇಡ. ವಾಂತಿ. ಬಾಯೆಲ್ಲ ಹುಣ್ಣು. ರಕ್ತದಲ್ಲಿ ಬಿಳಿ ಕಣ ಕಡಿಮೆಯಾಗುತ್ತೆ. ಜಾಸ್ತಿ ಆದ್ರೆ ಹೃದಯ ಸೋಲುತ್ತೆ. ಸೂಜಿ ಜಾರಿ ಚರ್ಮದಡಿ ಸೋರಿದ್ರೆ ಮಾಂಸ ಸುಡುತ್ತೆ."

"ಅಯ್ಯೋ, ಇದೇನು ಔಷಧೀನಾ ಶಾಪಾನಾ?"

"ಎರಡೂ. ನನಗೆ ರೋಗ ಇದೆ, ಔಷಧಿ. ನಿನಗೇನು ರೋಗ?"

"ನನಗ್ಯಾವ ರೋಗ? ಕಲ್ಲುಗುಂಡಿನ ಹಾಗಿದೀನಿ."

"ಹಾಗಾದ್ರೆ ನಿನಗೆ ಬರೀ ಶಾಪ. ಉಪಯೋಗ ನನಗೊಬ್ಬಳಿಗೆ. ಅಡ್ಡ ಪರಿಣಾಮ ಇಬ್ಬರಿಗೂ."

ಅತ್ತೆ ಗಹಗಹಿಸಿ ನಕ್ಕಳು. ಟೀಚರಮ್ಮ ನಗಲಿಲ್ಲ. ಕಾಗದದ ಕೆಳತುದಿಗೆ ಬೆರಳಿಟ್ಟರು.

"ಔಷಧಿ ಹಾಕಿದ ಮೇಲೆ ಕೆಲವು ದಿನ ರೋಗಿಯ ಮಲ, ಮೂತ್ರ, ವಾಂತಿ ಯಾವುದನ್ನೂ ಗ್ಲೌಸಿಲ್ಲದೆ ಮುಟ್ಟಬಾರದು. ಬಸುರಿಯರು ಹತ್ತಿರಾನೇ ಬರಬಾರದು. ಒಳಗಿರೋ ಮಗುಗೆ ಅಪಾಯ. ಬೆಳೆಯೋದನ್ನ ಸಾಯಿಸೋ ಔಷಧಿ, ಅದಕ್ಕೆ ಗಂಟು ಯಾವುದು ಕೂಸು ಯಾವುದು ಅಂತ ಗೊತ್ತಾಗಲ್ಲ. ನಿನ್ನ ಸೊಸೆ ಯಾಕೆ ಇನ್ನೂ ಇಲ್ಲೇ ಇದಾಳೆ? ಬಾಗಿಲ ಮೇಲೇ ಬರೆದಿದ್ದಾರಲ್ಲ."

"ಬಾಗಿಲ ಮೇಲೆ ಬರೆದಿರೋದು ಚಪ್ಪಲಿ ಹೊರಗೆ ಬಿಡಿ ಅಂತಲ್ವಾ?"

"ಗರ್ಭಿಣಿಯರಿಗೆ ಪ್ರವೇಶವಿಲ್ಲ ಅಂತ."

ಅತ್ತೆ ತನ್ನ ಬರಿಗಾಲನ್ನು ನೋಡಿಕೊಂಡಳು. ಹೋದ ತಿಂಗಳು ಒಬ್ಬ ಸಿಸ್ಟರು ಬಸುರಿ ಎಂದು ಗೊತ್ತಾದ ಮರುದಿನವೇ ಕಣ್ಣಿನ ವಾರ್ಡಿಗೆ ಹೋಗಿದ್ದಳು. ಬಡ್ತಿ ಸಿಕ್ಕಿತೆಂದು ಅತ್ತೆ ಅಂದುಕೊಂಡಿದ್ದಳು. ಆಮೇಲೆ ಹೋದ ವರ್ಷದ್ದು ನೆನಪಾಯಿತು. ಸೊಸೆಗೆ ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಪಾಟು ತೊಳೆಯುವ ಕೋಣೆಯಲ್ಲೇ ಹೊಟ್ಟೆ ಹಿಡಿದು ಕುಸಿದಿದ್ದಳು. ಮೂರನೇ ದಿನ ಮತ್ತೆ ಕೆಲಸಕ್ಕೆ ಬಂದಿದ್ದಳು. ಆಗ ಅತ್ತೆ ಏನಂದಿದ್ದಳು? "ನಿಧಾನ ಇಲ್ಲ, ನಡಿಗೆ ಸರಿಯಿಲ್ಲ, ಬಂದದ್ದನ್ನ ಉಳಿಸ್ಕೊಳ್ಳೋ ಯೋಗ್ಯತೆ ಇಲ್ಲ" ಎಂದಿದ್ದಳು. ಅದೂ ನಾಲ್ಕು ಜನರ ಮುಂದೆ. ಸೊಸೆ ತಲೆ ತಗ್ಗಿಸಿ ಪಾಟು ತೊಳೆದಿದ್ದಳು. ಅತ್ತೆಗೆ ಈಗ ತನ್ನ ನಾಲಿಗೆಯನ್ನೇ ಕಿತ್ತು ಎಸೆಯಬೇಕೆನ್ನಿಸಿತು.

ನೇರವಾಗಿ ಬೀಗದಪ್ಪನ ಬಳಿ ಹೋದಳು.

"ನನ್ನ ಸೊಸೇನ ಬೇರೆ ಕಡೆ ಹಾಕಿ. ಬೋರ್ಡಲ್ಲಿ ಬರೆದಿದೆಯಂತೆ."

"ಆ ಬೋರ್ಡು ಸ್ಟಾಫಿಗೆ. ನೀವು ಸ್ಟಾಫಾ?"

"ಅಲ್ಲ, ಕಾಂಟ್ರ್ಯಾಕ್ಟು."

"ರೋಗೀನ ನೋಡೋಕೆ ಬರೋರಿಗೂ ಇದೆ. ನೀವು ನೋಡೋಕೆ ಬಂದೋರಾ?"

"ಅಲ್ಲ."

"ಮತ್ತೇನು? ಆ ಬೋರ್ಡಲ್ಲಿ ನೀವು ಇಲ್ಲ. ಬೇಡ ಅಂದ್ರೆ ಇಬ್ರೂ ಮನೆಗೆ ಹೋಗಿ. ಗೇಟಿನಾಚೆ ನೂರು ಜನ ನಿಂತಿದಾರೆ."

ಅವನು ಹೋದ. ಬೀಗದಕೈಗಳ ಸದ್ದು ಮೆಟ್ಟಿಲಿಳಿಯುವವರೆಗೂ ಕೇಳಿಸಿತು. ಅತ್ತೆ ಅಳಲಿಲ್ಲ. ಕಸಬರಿಗೆ ಹಿಡಿದು ನಿಂತಳು. ಕೂಗಾಡಿದರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಕೂಸು ಹೋಗುತ್ತದೆ. ನಡುವೆ ಏನಾದರೂ ಇರಬೇಕು. ಅಲ್ಲಿಯವರೆಗೆ ಸೊಸೆಯ ಕೈಯಿಂದ ಪಾಟು ಕಿತ್ತುಕೊಂಡು ಇಪ್ಪತ್ತು ಮಂಚದ್ದನ್ನೂ ತಾನೇ ಎತ್ತಿದಳು. ನಾಲ್ಕನೇ ದಿನಕ್ಕೆ ಸೊಂಟ ಬಿದ್ದು ಹೋಯಿತು.

ಐದನೇ ದಿನ ಆಸ್ಪತ್ರೆಗೆ ತಪಾಸಣೆಯವರು ಬರುತ್ತಾರೆಂದು ಸುದ್ದಿ ಬಂತು. ಗೋಡೆಗೆ ಸುಣ್ಣ ಬಂತು, ಹೂಕುಂಡ ಬಂತು, ಇಲ್ಲದ ಕಸದ ಡಬ್ಬಿಗಳೆಲ್ಲ ಮೂರು ಬಣ್ಣದಲ್ಲಿ ಬಂದವು. ವಾರ್ಡಿನ ಮೂಲೆಯ ಗಾಜಿನ ಬೀರುವಿನಲ್ಲಿ ಒಂದು ಪೆಟ್ಟಿಗೆ ಇತ್ತು. ಔಷಧಿ ಚೆಲ್ಲಿದರೆ ಒರೆಸುವವರಿಗೆಂದು ಗೌನು, ಗ್ಲೌಸು, ಕನ್ನಡಕ, ಹೀರುವ ಬಟ್ಟೆ ಎಲ್ಲ ಅದರಲ್ಲಿ. ಒಂಬತ್ತು ವರ್ಷದಲ್ಲಿ ಅತ್ತೆ ಆ ಗಾಜನ್ನು ಸಾವಿರ ಸಲ ಒರೆಸಿದ್ದಳು. ಬೀಗ ತೆಗೆದದ್ದನ್ನು ನೋಡಿರಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಬೀಗ ತೆರೆಯಿತು. ಬೀಗದಪ್ಪ ಅತ್ತೆಯನ್ನೇ ಆರಿಸಿದ. ಉಳಿದವರೆಲ್ಲ ಹೆದರುಪುಕ್ಕಲರು, ಇವಳಿಗೆ ಬಾಯಿ ಇದೆ ಎಂದು. ಅವನ ಜೀವನದ ದೊಡ್ಡ ತಪ್ಪು ಅದೇ.

"ನೆಲಕ್ಕೆ ಬಣ್ಣದ ನೀರು ಚೆಲ್ತೀವಿ. ನೀನು ಇದನ್ನೆಲ್ಲ ಹಾಕ್ಕೊಂಡು ಒರೆಸಬೇಕು. ದಿನಾ ಹಾಕ್ತೀರಾ ಅಂತ ಕೇಳಿದ್ರೆ?"

"ದಿನಾ ಹಾಕ್ತೀವಿ ಸಾರ್."

"ಭೇಷ್. ಏನಾದ್ರೂ ತೊಂದ್ರೆ ಇದ್ಯಾ ಅಂದ್ರೆ?"

"ಏನೂ ಇಲ್ಲ ಸಾರ್, ತವರುಮನೆ ಹಾಗಿದೆ."

"ತವರುಮನೆ ಬೇಡ. ಏನೂ ಇಲ್ಲ ಅಂದ್ರೆ ಸಾಕು."

ಆಮೇಲೆ ಅವನ ಕಣ್ಣು ಸೊಸೆಯ ಹೊಟ್ಟೆಯ ಮೇಲೆ ಬಿತ್ತು. ಐದು ತಿಂಗಳ ಹೊಟ್ಟೆ, ಸೆರಗು ಎಷ್ಟೆಂದು ಮುಚ್ಚೀತು? "ಇವಳನ್ನ ಕಾಣಿಸಬೇಡಿ" ಎಂದ. ಪೊರಕೆ, ಬಕೀಟು ಇಡುವ ಗೂಡಿನಂಥ ಕೋಣೆಗೆ ಅವಳನ್ನು ತಳ್ಳಿ ಹೊರಗಿನಿಂದ ಚಿಲಕ ಹಾಕಿಸಿದ. ಒದ್ದೆ ಬಟ್ಟೆಗಳ ನಡುವೆ ಅವಳು ನಿಂತೇ ಇದ್ದಳು. ಕೂರಲು ಜಾಗವಿರಲಿಲ್ಲ. ಅತ್ತೆ ಚಿಲಕವನ್ನು ನೋಡಿದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗ ಹೆದರಬೇಕು ಎಂದು ಅವಳ ಗಂಡನಿಗೆ ಗೊತ್ತಿತ್ತು. ಬೀಗದಪ್ಪ ಅವಳ ಗಂಡನಲ್ಲ.

ತಪಾಸಣೆಗೆ ಇಬ್ಬರು ಬಂದರು. ದಪ್ಪ ಪುಸ್ತಕ ಹಿಡಿದ ಹಿರಿಯ ಮೇಡಂ ಒಬ್ಬರು, ಕ್ಯಾಮೆರಾ ಹಿಡಿದವನೊಬ್ಬ. ಅವರ ಹಿಂದೆ ಆಸ್ಪತ್ರೆಯ ಆಡಳಿತಾಧಿಕಾರಿ, ಸಾಹೇಬರು, ಇಸ್ತ್ರಿ ಮಾಡಿದ ನಗು ಹಾಕಿಕೊಂಡು. ಅತ್ತೆ ಗೌನು ತೊಟ್ಟಳು. ಮಾಸ್ಕು, ಕನ್ನಡಕ, ಎರಡೆರಡು ಗ್ಲೌಸು. ಎಡಗೈಗೂ ಗ್ಲೌಸು ಸಿಕ್ಕಿದ್ದು ಅದೇ ಮೊದಲು. ಸಿಸ್ಟರು ಕಲಿಸಿದ ಹಾಗೇ ಬಣ್ಣದ ನೀರಿನ ಮೇಲೆ ಬಟ್ಟೆ ಹಾಸಿ, ಹೀರಿಸಿ, ಹೊರಗಿನಿಂದ ಒಳಕ್ಕೆ ಒರೆಸಿ, ಚೀಲಕ್ಕೆ ಹಾಕಿ ಕಟ್ಟಿದಳು. ಒಂದು ಹನಿ ತಪ್ಪಲಿಲ್ಲ.

"ದಿನಾ ಇದೆಲ್ಲ ಹಾಕ್ಕೊಳ್ತೀರಾ ಅಮ್ಮ?" ಎಂದರು ಮೇಡಂ.

"ದಿನಾ ಮೇಡಂ! ಇದಿಲ್ಲದೆ ಒಳಗೆ ಕಾಲಿಡೋಕೆ ನಮ್ಮ ಸಾಹೇಬ್ರು ಬಿಡಲ್ಲ. 'ಅಮ್ಮಾ, ನೆಲ ಆಮೇಲೆ, ನಿಮ್ಮ ಜೀವ ಮೊದಲು' ಅಂತಾರೆ."

ಸಾಹೇಬರ ಎದೆ ಉಬ್ಬಿತು. ಬೀಗದಪ್ಪನ ಹಲ್ಲು ಕಂಡಿತು.

"ಒಬ್ಬೊಬ್ಬರಿಗೂ ದಿನಕ್ಕೆ ನಾಲ್ಕು ಜೊತೆ ಗ್ಲೌಸು" ಎಂದಳು ಅತ್ತೆ. "ಆರು ತಿಂಗಳಿಗೊಂದ್ಸಲ ರಕ್ತ ಪರೀಕ್ಷೆ. ಮಲಗೋಕೆ ಮಂಚ ಹಾಕ್ಕೊಡ್ತೀವಿ ಅಂದ್ರು, ನಾವೇ ಬೇಡ ಅಂದ್ವಿ."

ಬೀಗದಪ್ಪ ಕೆಮ್ಮಿದ.

"ಪಾಪ, ಅವರಿಗೆ ಕೆಮ್ಮು. ನಮ್ಮ ಯೋಚನೆ ಮಾಡಿ ಮಾಡಿ ಹಚ್ಕೊಂಡಿದಾರೆ. ಅಷ್ಟೇ ಅಲ್ಲ ಮೇಡಂ, ನನ್ನ ಸೊಸೆ ಬಸುರಿ ಅಂತ ಗೊತ್ತಾದ ದಿನಾನೇ ಕರೆದು, 'ತಾಯಿ, ನೀನು ಈ ವಾರ್ಡಿನ ಹೊಸ್ತಿಲು ದಾಟಬೇಡ' ಅಂತ ಬಟ್ಟೆ ಕೋಣೆಗೆ ಹಾಕಿದ್ರು. ಹಾಸಿಗೆ ಬಟ್ಟೆ ಮಡಚೋ ಕೆಲಸ. ಹೆರಿಗೆ ಆಗಿ, ಕೂಸು ಹಾಲು ಬಿಡೋವರೆಗೂ ಅಲ್ಲೇ ಅಂತೆ. ಇಂಥ ಮನುಷ್ಯರು ಎಲ್ಲಿ ಸಿಗ್ತಾರೆ ಹೇಳಿ?"

ಸಾಹೇಬರ ನಗುವಿನ ಇಸ್ತ್ರಿ ಮುದುಡಿತು. ಮೇಡಂ ಬರೆಯುವುದನ್ನು ನಿಲ್ಲಿಸಿದರು. ಕನ್ನಡಕದ ಮೇಲಿನಿಂದ ಅತ್ತೆಯನ್ನು ತಲೆಯಿಂದ ಕೆಳಕ್ಕೆ ನೋಡಿದರು. ಕನ್ನಡಕ, ಮಾಸ್ಕು, ಗೌನು. ಅದರ ಕೆಳಗೆ ಎರಡು ಬರಿಗಾಲು, ಹಿಮ್ಮಡಿ ಒಡೆದದ್ದು. ಅಂದು ಬೋರ್ಡಿನಲ್ಲಿ ಏನಿದೆ ಎಂದು ಅತ್ತೆಗೆ ಗೊತ್ತಿತ್ತು. ಆದರೂ ಬೇಕೆಂದೇ ಚಪ್ಪಲಿ ಹೊರಗೆ ಬಿಟ್ಟಿದ್ದಳು.

"ಕಾಲಿಗೆ?"

"ಬೂಟು ಇದೆ ಮೇಡಂ. ಒಗೆಯೋಕೆ ಹಾಕಿದೆ."

ಮೇಡಂ ಮತ್ತೆ ಪೆನ್ನು ಎತ್ತಿದರು. ಬಹಳ ಹೊತ್ತು ಬರೆದರು. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿದರು. ನಾಲ್ಕು ಜೊತೆ ಗ್ಲೌಸು, ರಕ್ತ ಪರೀಕ್ಷೆ, ಬಸುರಿ ಕೆಲಸದವಳಿಗೆ ಬಟ್ಟೆ ಕೋಣೆ. ಪುಸ್ತಕವನ್ನು ಸಾಹೇಬರ ಮುಂದೆ ಹಿಡಿದರು.

"ಇಷ್ಟು ಒಳ್ಳೆ ವ್ಯವಸ್ಥೆ ನಾನೆಲ್ಲೂ ನೋಡಿಲ್ಲ. ಎಲ್ಲ ನಿಜ ಅಂತ ಒಂದು ಸಹಿ ಹಾಕಿಬಿಡಿ. ಕಾಫಿ ಕುಡಿದು ಹೋಗ್ತಾ ಬಟ್ಟೆ ಕೋಣೇಲಿ ಆ ಹುಡುಗೀನೂ ಮಾತಾಡಿಸಿಕೊಂಡು ಹೋಗ್ತೀನಿ."

ಸಾಹೇಬರು ಸಹಿ ಹಾಕಿದರು. ಹಾಕದೆ ಏನು ಮಾಡಿಯಾರು? ಸುಳ್ಳು ಅನ್ನಬೇಕಾದರೆ ಯಾವುದು ಸುಳ್ಳು ಎಂದು ಹೇಳಬೇಕಾಗುತ್ತದೆ. ಎಲ್ಲರೂ ಕೆಳಗಿನ ಆಫೀಸಿಗೆ ಇಳಿದರು.

ಬೀಗದಪ್ಪ ಮಾತ್ರ ಉಳಿದ. ಮುಖ ಬದನೆಕಾಯಿಯಂತಾಗಿತ್ತು.

"ಬಿಚ್ಚು ಅದನ್ನ! ಬೀರುಗೆ ವಾಪಸ್ ಇಡಬೇಕು. ಅವಳನ್ನ ಬಟ್ಟೆ ಕೋಣೆಗೆ ಓಡಿಸು, ಮೇಡಂ ಹೋಗೋವರೆಗೆ ಕೂತಿರಲಿ. ಆಮೇಲೆ ನಿಮಗಿಬ್ಬರಿಗೂ ಇದೆ."

ಅಷ್ಟರಲ್ಲಿ ಧಡ್ ಎಂದು ಸದ್ದಾಯಿತು. ನಾಲ್ಕನೇ ಮಂಚದ ಕೆಳಗಿನ ಪಾಟು ಮಗುಚಿ ಬಿದ್ದಿತ್ತು. ಹಿಂದಿನ ದಿನವಷ್ಟೇ ಟೀಚರಮ್ಮನಿಗೆ ಕೆಂಪಕ್ಕ ಬಂದಿದ್ದಳು. ಕೆಂಪು ಮೂತ್ರ ನೆಲದ ಮೇಲೆ ಬಾಗಿಲ ಕಡೆಗೆ ಹರಿಯಿತು.

"ಕಾಲು ತಾಗಿಬಿಡ್ತು" ಎಂದರು ಟೀಚರಮ್ಮ. ಕಾಲು ಇನ್ನೂ ಮಂಚದ ಹೊರಗೇ ಇತ್ತು.

ಬೀಗದಪ್ಪ ಎರಡು ಹೆಜ್ಜೆ ಹಿಂದೆ ಹಾರಿದ. "ಸೊಸೇನ ಕರಿ! ಮೊದಲು ಇದನ್ನ ಒರೆಸಲಿ, ಆಮೇಲೆ ಓಡಲಿ!"

ಅತ್ತೆ ಬಾಗಿಲ ಬಳಿ ಹೋದಳು. ಬಕೀಟು ಬೋರಲು ಹಾಕಿದಳು. ಬೋರ್ಡಿನ ಕೆಳಗೆ, ಅದರ ಮೇಲೆ ಕೂತಳು. ಗೌನು, ಮಾಸ್ಕು, ಕನ್ನಡಕ ಸಮೇತ.

"ಬಿಚ್ಚಲ್ಲ."

"ಏನಂದೆ?"

"ನಾನು ಬಿಚ್ಚಲ್ಲ. ಅವಳು ಒರೆಸಲ್ಲ."

"ಕೆಲಸ ಬೇಕಾ ಬೇಡ್ವಾ?"

"ಬೇಕು. ದಿನಾ ಹಾಕ್ಕೊಂಡು ಮಾಡ್ತೀವಿ ಅಂತ ಬರೆದಾಗಿದೆ. ಸಾಹೇಬ್ರು ಸಹಿ ಹಾಕಿದಾರೆ. ಬಿಚ್ಚಿದ್ರೆ ಸಾಹೇಬ್ರ ಸಹಿಗೆ ಅವಮಾನ ಅಲ್ವಾ?"

ಬೀಗದಪ್ಪ ಅವಳ ರಟ್ಟೆಗೆ ಕೈ ಹಾಕಿದ. ಅತ್ತೆ ಗ್ಲೌಸಿನ ಕೈಯನ್ನು ಅವನ ಮೂಗಿನ ಮುಂದೆ ಎತ್ತಿದಳು. "ಮುಟ್ಟು. ಇದರಲ್ಲಿ ಏನೇನು ಹತ್ತಿದೆಯೋ ನನಗೂ ಗೊತ್ತಿಲ್ಲ." ಬಣ್ಣದ ನೀರು ಬಿಟ್ಟು ಬೇರೇನೂ ಹತ್ತಿರಲಿಲ್ಲ. ಆದರೂ ಅವನು ಕೈ ತೆಗೆದ. ಒಂಬತ್ತು ವರ್ಷದಲ್ಲಿ ಅವಳ ಮೈ ಮುಟ್ಟಲು ಯಾರೋ ಹೆದರಿದ್ದು ಅವಳಿಗೆ ಖುಷಿ ಕೊಟ್ಟಿದ್ದು ಅದೊಂದೇ ಸಲ.

ಪಕ್ಕದ ವಾರ್ಡುಗಳ ಕೆಲಸದ ಹೆಂಗಸರು ಬಂದು ನೋಡಿದರು. ಒಬ್ಬಳು ತನ್ನ ಬಕೀಟು ಬೋರಲು ಹಾಕಿದಳು. ಇನ್ನೊಬ್ಬಳೂ. ನಾಲ್ಕು ಬಕೀಟಾದವು. ಒಬ್ಬಳು ಗೂಡಿನ ಚಿಲಕ ತೆಗೆದಳು. ಸೊಸೆ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಾಗಿಲಿಂದ ಆಚೆಯೇ ನಿಂತಳು.

ವಾಸನೆ ಏರತೊಡಗಿತು. ಅತ್ತೆಗೆ ಅದೊಂದೇ ಸಂಕಟ. ಒಳಗಿದ್ದವರೆಲ್ಲ ರೋಗಿಗಳು, ಮೊದಲೇ ಹೊಟ್ಟೆ ತೊಳಸುವವರು. ಅವಳ ಸೊಂಟ ತಾನಾಗಿಯೇ ಏಳಲು ಹೋಯಿತು.

"ಅತ್ತೆ, ಏಳಬೇಡ!" ಎಂದು ಟೀಚರಮ್ಮ ಗದರಿದರು. "ಈ ವಾಸನೆಗೆ ನಾವು ಯಾರೂ ಸಾಯಲ್ಲ. ಕೂತ್ಕೋ ಅಲ್ಲೇ."

ಸುದ್ದಿ ಕೇಳಿ ಸಾಹೇಬರು ಮೆಟ್ಟಿಲು ಹತ್ತಿ ಓಡಿಬಂದರು. ಕೆಳಗೆ ಮೇಡಂ ಎರಡನೇ ಕಾಫಿಗೆ ಕೈ ಹಾಕಿದ್ದರಂತೆ.

"ಏನಮ್ಮ ನಿಂದು? ಏನು ಬೇಕು?"

"ನಾನೇನೂ ಕೇಳ್ತಿಲ್ಲ ಸಾಹೇಬ್ರೇ. ನಿಮ್ಮ ಸುಳ್ಳನ್ನ ನಾನು ಹೇಳ್ದೆ. ಒಬ್ಬಳೇ ಹೊರೋಕೆ ಆಗಲ್ಲ, ವಯಸ್ಸಾಯ್ತು. ನೀವೂ ಒಂದು ಕೈ ಕೊಡಿ. ಅದನ್ನ ನಿಜ ಮಾಡಿ. ಅವಳನ್ನ ಬಟ್ಟೆ ಕೋಣೆಗೆ ಹಾಕಿದೀನಿ ಅಂತ ಬರೆದು ಕೊಡಿ. ಬೀರುವಿನ ಬೀಗ ತೆಗೀರಿ."

ಸಾಹೇಬರು ಗೋಡೆಗೆ ಕಾಗದ ಒತ್ತಿ ಬರೆದರು. ಅತ್ತೆ ಅದನ್ನು ಟೀಚರಮ್ಮನಿಗೆ ಕೊಟ್ಟಳು. ಟೀಚರಮ್ಮ ಓದಿ, ಪೆನ್ನು ಕೇಳಿ, ಒಂದು ಪದದ ಸುತ್ತ ಗೆರೆ ಎಳೆದರು.

"'ತಾತ್ಕಾಲಿಕವಾಗಿ' ಅಂತ ಯಾಕೆ ಇದೆ? ಹೊಡೆದು ಹಾಕಿ. ಹೆರಿಗೆಯಾಗಿ ಕೂಸು ಹಾಲು ಬಿಡೋವರೆಗೆ ಅಂತ ಬರೀರಿ. ಅಕ್ಷರ ದುಂಡಗಿರಲಿ."

ಸಾಹೇಬರು ಬರೆದರು. ಬೀಗದಪ್ಪ ಬೀರುವಿನ ಬೀಗದಕೈಯನ್ನು ಗೊಂಚಲಿನಿಂದ ಬಿಡಿಸಿ ಸಿಸ್ಟರಿಗೆ ಕೊಟ್ಟ. ಅತ್ತೆ ಎದ್ದಳು. ಎದ್ದವಳು ಸಾಹೇಬರ ಮುಂದೆ ನಿಂತು ಕೇಳಿದಳು:

"ಹೋದ ವರ್ಷದ್ದು ಒಂದಿದೆ. ಮೂರು ತಿಂಗಳದ್ದು. ಅದಕ್ಕೆ ಯಾರು ಸಹಿ ಹಾಕ್ತೀರಿ?"

ಸಾಹೇಬರಿಗೆ ಅರ್ಥವಾಗಲಿಲ್ಲ. ಅಥವಾ ಆಯಿತು. ಕಾಫಿ ಆರುತ್ತದೆ ಎಂದು ಹೇಳಿ ಇಳಿದು ಹೋದರು.

ಅತ್ತೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. ಟಪ್ ಟಪ್ ಎಂದು ನಡೆದು, ಕಲಿಸಿದ ಹಾಗೇ ಬಟ್ಟೆ ಹಾಸಿ, ಹೀರಿಸಿ, ಒರೆಸಿದಳು. ಗ್ಲೌಸನ್ನು ಒಳಹೊರಗು ಮಾಡಿ ಕಳಚಿದಳು. ಸೋಪು ಹಚ್ಚಿ ಕೈ ತೊಳೆದಳು. ಆಮೇಲೆ ಟೀಚರಮ್ಮನ ಲೋಟವನ್ನು ಬರಿಗೈಯಲ್ಲಿ ಎತ್ತಿ, ನೀರು ಬಗ್ಗಿಸಿ, ಅವರ ತುಟಿಗೆ ಹಿಡಿದಳು. ಉಳಿದದ್ದನ್ನು ತಾನು ಗಟಗಟ ಕುಡಿದಳು.

"ಪಾಸಾದೆ ಹೋಗು" ಎಂದರು ಟೀಚರಮ್ಮ.

ಮೇಡಂ ಬಟ್ಟೆ ಕೋಣೆಗೆ ಬಂದು ಸೊಸೆಯನ್ನು ಮಾತಾಡಿಸಿ ಹೋದ ಮೇಲೆ ಅತ್ತೆಯೂ ಅಲ್ಲಿಗೆ ಹೋದಳು. ಒಗೆದ ಹಾಸಿಗೆ ಬಟ್ಟೆಗಳ ರಾಶಿಯ ನಡುವೆ ಸೊಸೆ ನಿಂತು ಒಂದೊಂದನ್ನೇ ಕೊಡವುತ್ತಿದ್ದಳು. ಅತ್ತೆ ಒಂದು ಮಾತು ಹೇಳಲು ಬಂದಿದ್ದಳು. ಇಷ್ಟು ವರ್ಷ ಆಡಿದ ಮಾತುಗಳಲ್ಲಿ ಅಂಥದೊಂದು ಅವಳಿಗೆ ಅಭ್ಯಾಸವಿರಲಿಲ್ಲ.

"ಹೋದ ವರ್ಷ... ನಿನ್ನ ತಪ್ಪಲ್ಲ ಕಣೇ. ನಾನು ಹಂಗೆ ಅನ್ನಬಾರದಿತ್ತು. ಬೋರ್ಡಲ್ಲಿ ಏನಿದೆ ಅಂತ ನನಗೆ ಗೊತ್ತಿರಲಿಲ್ಲ."

"ನನಗೆ ಗೊತ್ತಿತ್ತು" ಎಂದಳು ಸೊಸೆ.

ಅತ್ತೆ ಅವಳ ಮುಖ ನೋಡಿದಳು.

"ನನಗೆ ಓದೋಕೆ ಬರುತ್ತಲ್ಲ ಅತ್ತೆ. ಹೋದ ವರ್ಷಾನೇ ಆ ಬೀಗದಪ್ಪನ್ನ ಕೇಳಿದ್ದೆ. 'ಆ ಬೋರ್ಡಲ್ಲಿ ನೀನಿಲ್ಲ' ಅಂದ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಸುಮ್ಮನಿರ್ತಿದ್ರಾ? ಜಗಳ ಆಡ್ತಿದ್ರಿ. ಇಬ್ಬರ ಕೆಲಸಾನೂ ಹೋಗ್ತಿತ್ತು. ಅದಕ್ಕೆ ನುಂಗ್ಕೊಂಡೆ. ಆಮೇಲೆ ನೀವು ಬೈದ್ರಿ. ಅದನ್ನೂ ನುಂಗ್ಕೊಂಡೆ."

ಸೊಸೆ ರಾಶಿಯಿಂದ ಒಂದು ದೊಡ್ಡ ಬಟ್ಟೆ ಎಳೆದು, ಒಂದು ಅಂಚನ್ನು ಅವಳ ಕಡೆ ಚಾಚಿದಳು.

"ಆ ತುದಿ ಹಿಡ್ಕೊಳ್ಳಿ. ಒಬ್ಬಳೇ ಮಡಚೋಕೆ ಆಗಲ್ಲ."

ಅತ್ತೆ ಎರಡೂ ಕೈಯಲ್ಲಿ ಹಿಡಿದಳು.